ಎದುರು ಮನೆಯ ಮೊಟ್ಟೆ, ನಮ್ಮ ಮನೆಯ ಬಿಸಿನೀರು

ನಮ್ಮ ಬಚ್ಚಲೊಲೆಯ ಬಾಯಲ್ಲಿ ಈಗ ಬೆಂಕಿ ಇಲ್ಲ. ಹಳೇ ಚಪ್ಪಲಿ ಇದೆ, ಸೋಪಿನ ಪುಡಿಯ ಪೊಟ್ಟಣ ಇದೆ, ಮಗ ತನ್ನ ಗೂಡ್ಸ್ ಆಟೋ ಒರೆಸುವ ಚಿಂದಿ ಬಟ್ಟೆ ಇದೆ. ಒಲೆಯ ಮೇಲೆ ಹೂತಿಟ್ಟ ತಾಮ್ರದ ಹಂಡೆ ಹಾಗೇ ಕೂತಿದೆ, ಅದರೊಳಗೆ ಒಗೆಯುವ ಬಟ್ಟೆ ತುಂಬುತ್ತೇವೆ. ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಡ್ರಮ್ಮಿನ ನೀರಿಗೆ ಕರೆಂಟಿನ ಕಾಯಿಲ್ ಇಳಿಬಿಟ್ಟು ಸ್ವಿಚ್ ಹಾಕಿದರೆ ಮುಗಿಯಿತು. ಅಂಗಳಕ್ಕೆ ನೀರು ಹಾಕಿ, ನಾಲ್ಕು ಎಳೆ ರಂಗೋಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನೀರು ಕೈ ಸುಡುತ್ತದೆ.

ಹಳೇ ಕಾಲ ಚೆನ್ನಾಗಿತ್ತು ಅನ್ನುವವರನ್ನು ನಾನು ನಂಬುವುದಿಲ್ಲ. ಅಂಥವರನ್ನು ಒಂದು ದಿನ ಹಸಿ ಸೌದೆಯ ಮುಂದೆ ಕೂರಿಸಿ ಊದುಗೊಳವೆ ಕೈಗೆ ಕೊಡಬೇಕು. ನಾನು ಹುಟ್ಟಿದ್ದು ಜಗಳೂರಿನ ಕಡೆ. ಅಲ್ಲಿ ಸೌದೆ ಅಂದರೆ ಜಾಲಿಮುಳ್ಳು. ಬಿಸಿನೀರು ಅಂದರೆ ಬಾಣಂತಿಗೆ, ಇಲ್ಲವೆ ಜ್ವರ ಬಂದು ಎದ್ದವರಿಗೆ. ಉಳಿದವರಿಗೆ ಬಾವಿಯ ನೀರು ಹೇಗಿರುತ್ತದೋ ಹಾಗೆ. ಚನ್ನಗಿರಿಗೆ ಮದುವೆಯಾಗಿ ಬಂದ ಮೇಲೆ ದಿನಾ ಬಿಸಿನೀರು ಕಂಡೆ. ಇಲ್ಲಿ ಉರುವಲಿಗೆ ಬರವಿಲ್ಲ. ಅಡಿಕೆ ಸುಲಿದ ಸಿಪ್ಪೆ ರಸ್ತೆಯ ಪಕ್ಕದಲ್ಲಿ ಗುಡ್ಡೆಗುಡ್ಡೆ ಬಿದ್ದು ಕೊಳೆಯುತ್ತಿರುತ್ತದೆ. ಒಣಗಿದ್ದನ್ನು ಚೀಲಕ್ಕೆ ತುಂಬಿ ತಂದರೆ ಬೇಡ ಅನ್ನುವವರಿಲ್ಲ. ನಮ್ಮ ಹಿತ್ತಿಲಲ್ಲಿ ಈಗಲೂ ಎರಡು ಚೀಲ ಒಣ ಸಿಪ್ಪೆ ಇದೆ. ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಒಲೆ ಹಚ್ಚಲು ಬಾರದು, ಉರುವಲು ಇಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುವಂತಿಲ್ಲ. ಇಡೀ ಓಣಿಯಲ್ಲಿ ಕರೆಂಟಿಲ್ಲದೆ ಬದುಕಲು ಬರುವವಳು ಯಾರಾದರೂ ಇದ್ದರೆ ಅದು ನಾನೇ.

ಮೊದಲು ಬಿಲ್ಲಿಗೆ ಹೆದರಿ ನಮ್ಮ ಸೊಸೆ ಬಲ್ಬು ಆರಿಸುತ್ತಾ ತಿರುಗುತ್ತಿದ್ದಳು. ಕರೆಂಟು ಪುಕ್ಕಟೆ ಆದ ಮೇಲೆ ಅದು ನಿಂತಿತು. ಮನೆಗೆ ಇಷ್ಟು ಅಂತ ಒಂದು ಮಿತಿ ಇದೆಯಂತೆ, ಅದರೊಳಗೆ ಉರಿಸಿದರೆ ಬಿಲ್ಲು ಬರುವುದಿಲ್ಲ. ಕಳೆದ ವರ್ಷ ಚಳಿ ಶುರುವಾದಾಗ ಬೆಳಕು ಹರಿದ ಮೇಲೂ ಅಂಗಳದ ಬಲ್ಬು ಉರಿಯುತ್ತಿತ್ತು. ಆರಿಸೇ ಅಂದೆ.

"ಇರ್ಲಿ ಬಿಡ್ರೀ ಅತ್ತೆ," ಅಂದಳು. "ಕಮ್ಮಿ ಉರ್ಸಿದ್ರೆ ಮುಂದಿನ್ ವರ್ಷ ನಮಗೆ ಕಮ್ಮಿ ಕೊಡ್ತಾರಂತೆ."

"ಯಾರೇ ಹೇಳಿದ್ದು?"

"ನಲ್ಲಿ ಹತ್ರ ಎಲ್ಲಾರೂ ಅಂತಿದ್ರು."

ನಿಜವೋ ಸುಳ್ಳೋ ನಾನು ಕೇಳಲು ಹೋಗಲಿಲ್ಲ. ಓಣಿಯ ಹೆಂಗಸರೆಲ್ಲ ಅದನ್ನು ನಂಬಿದ್ದರು. ನಂಬಿದರೆ ನಮಗೇ ಸುಖ, ಅದಕ್ಕೇ ನಂಬಿದ್ದೆವು. ಉಳಿಸಿದವರಿಗೆ ನಷ್ಟ, ಉರಿಸಿದವರಿಗೆ ಲಾಭ ಅಂತ ನಮ್ಮಲ್ಲೇ ಒಂದು ಲೆಕ್ಕ ಕಟ್ಟಿಕೊಂಡು ಹಗಲೇ ದೀಪ ಉರಿಸಿಕೊಂಡು ಕೂತೆವು. ನಾನು ಅಕ್ಷರ ಕಲಿತದ್ದು ತಲೆ ನರೆತ ಮೇಲೆ. ಬಿಲ್ಲಿನ ಚೀಟಿಯ ಕೆಳಗೆ 'ವಿದ್ಯುತ್ ಉಳಿಸಿ' ಅಂತ ಇರುವುದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, ಚೀಟಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ್ದೆ.

ನಮ್ಮ ಎದುರು ಮನೆಯಾಕೆ ಸಾಬರ ಹೆಣ್ಣುಮಗಳು, ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಮಗಳೂ ಆಕೆಯೂ ಇಬ್ಬರೇ ಇರುವುದು. ನಾವಿಬ್ಬರೂ ಒಂದೇ ಖೇಣಿ ಮನೆಯ ಚಪ್ಪರದ ಕೆಳಗೆ ಎಷ್ಟೋ ವರ್ಷ ಅಡಿಕೆ ಸುಲಿದವರು. ಖೇಣಿ ಮನೆ ಅಂದರೆ ಅಡಿಕೆ ಹಿಡಿದು ಸುಲಿಸಿ ಬೇಯಿಸುವವರ ಮನೆ. ನನ್ನ ಮಗ ದುಡಿಯಲು ಶುರು ಮಾಡಿದ ಮೇಲೆ ನಾನು ಬಿಟ್ಟೆ. ಆಕೆ ಬಿಡಲಿಲ್ಲ. ಬೆಳಗಿನ ಜಾವ ಟೆಂಪೋ ಬಂದು ಹಾರನ್ ಹೊಡೆದರೆ ಸುಲಿಯುವ ಕತ್ತಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹತ್ತಬೇಕು. ಹಸಿ ಅಡಿಕೆಯ ಚೊಗರು ಕುಡಿದು ಆಕೆಯ ಬೆರಳು ಕಪ್ಪಾಗಿ, ಸೀಳು ಬಿಟ್ಟು, ಈಗೀಗ ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ರೊಟ್ಟಿ ತಟ್ಟುವಾಗ ಅಂಗೈಯಲ್ಲೇ ತಟ್ಟುತ್ತಿದ್ದಳು.

ಆ ಚಳಿಗಾಲದಲ್ಲಿ ಆಕೆ ಮೊಟ್ಟೆ ಮರಿ ಮಾಡುವ ಪೆಟ್ಟಿಗೆ ತರಿಸಿದಳು. ಹೊನ್ನಾಳಿಯಲ್ಲಿ ಕೋಳಿ ಅಂಗಡಿ ಇಟ್ಟಿರುವ ಅವಳ ತಮ್ಮ ಕೊಟ್ಟಿದ್ದು. ಥರ್ಮಾಕೋಲಿನ ದೊಡ್ಡ ಪೆಟ್ಟಿಗೆ, ಒಳಗೆ ಬಲ್ಬು, ಪುಟ್ಟ ಫ್ಯಾನು, ನೀರಿನ ತಟ್ಟೆ. ಮುಂದುಗಡೆ ಒಂದು ಗಾಜು. ಮೂರು ವಾರ ಒಂದೇ ಸಮನೆ ಕಾವು ಕೊಟ್ಟರೆ ಮರಿ ಏಳುತ್ತವೆ. ಮೊಟ್ಟೆ ತರಲು ತಾನೇ ಗೋವಿನಕೋವಿಗೆ ಹೋದಳು. ಅವಳ ಅಕ್ಕನ ಊರು ಅದು. ಮನೆಮನೆ ತಿರುಗಿ ನಾಟಿ ಕೋಳಿಯ ಮೊಟ್ಟೆ ಕೂಡಿಸಿ, ಭತ್ತದ ತೌಡಿನಲ್ಲಿ ಹುದುಗಿಸಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಬದಲಾಯಿಸಿ ಬಂದಳು. ಕಂಡಕ್ಟರು ಬುಟ್ಟಿ ಮೇಲಿಡಿ ಅಂದನಂತೆ, ಆಕೆ ಆಗಲ್ಲ ಅಂದಳಂತೆ. "ಏಯ್, ಅಜ್ಜಿ ಕಾವು ಕೂತೈತೆ, ಯಾರೂ ಎಬ್ಬಿಸಬ್ಯಾಡ್ರಿ" ಅಂತ ಅವನು ಕೂಗಿ ಬಸ್ಸೆಲ್ಲ ನಕ್ಕಿತಂತೆ. ಆಕೆಯೂ ನಗುತ್ತಲೇ ಹೇಳಿದಳು.

ಪೆಟ್ಟಿಗೆಗೆ ಮೊಟ್ಟೆ ಇಟ್ಟ ದಿನ ನನ್ನನ್ನು ಕರೆದು ತೋರಿಸಿದಳು. ಗಾಜಿನಿಂದ ಕೆಂಪಗೆ ಬೆಳಕು ಬರುತ್ತಿತ್ತು.

"ಈ ಸಲ ಮರಿ ಸರಿಯಾಗಿ ಎದ್ರೆ ಸುಲಿಯಾಕೆ ಹೋಗಲ್ಲ ಅಕ್ಕಾ," ಅಂದಳು. "ಕತ್ತಲಗೆರೆ ಕಡೆಯೋರು ಮರಿ ಬೇಕು ಅಂತ ಹೇಳವ್ರೆ. ಒಂದ್ಸಲ ಚಲೋ ಮರಿ ಕೊಟ್ರೆ ಮತ್ತೆ ಅವ್ರೇ ಹುಡುಕ್ಕೊಂಡು ಬರ್ತಾರೆ. ಒಂದ್ಸಲ ಕೆಟ್ರೆ ಯಾರೂ ಬರಲ್ಲ."

ಆಮೇಲೆ ಆ ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳು. ಆಕೆಗೆ ಏನು ಬೇಕಿತ್ತು ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಕತ್ತಿಯನ್ನು ಬಿಸಾಕಬೇಕಿತ್ತು.

ಆದರೆ ನಮ್ಮ ಓಣಿಯ ಕರೆಂಟಿಗೆ ಚಳಿಗಾಲ ಆಗಿ ಬರುವುದಿಲ್ಲ. ಮೈ ತೊಳೆಯದೆ ಅಡುಗೆ ಒಲೆ ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ ಎಲ್ಲ ಮನೆಯಲ್ಲೂ ಕಾಯಿಲ್ ಬೀಳುತ್ತದೆ. ನೀರಿನ ಮೋಟರು, ಮಿಕ್ಸಿ, ಮಕ್ಕಳ ಸಮವಸ್ತ್ರಕ್ಕೆ ಇಸ್ತ್ರಿ, ಎಲ್ಲ ಅದೇ ಹೊತ್ತಿಗೆ. ಮೂಲೆಯ ಕಂಬದ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರಿನ ಡಬ್ಬ, ಗುಂಯ್ ಅನ್ನುತ್ತದೆ, ಫ್ಯೂಸು ಹೋಗುತ್ತದೆ. ಲೈನ್‌ಮನ್ನಿಗೆ ಒಂದೇ ಓಣಿ ಅಲ್ಲವಲ್ಲ, ಅವನು ಬಂದಾಗ ಬರುತ್ತಾನೆ. ನಮಗೆ ಅದು ದೊಡ್ಡದಲ್ಲ. ಪೆಟ್ಟಿಗೆಯೊಳಗಿನ ಮೊಟ್ಟೆಗೆ ಅದೇ ದೊಡ್ಡದು.

ಮೊಟ್ಟೆ ಇಟ್ಟ ಮಾರನೆಯ ದಿನವೇ ಆಕೆ ಬಂದು ಕಟ್ಟೆಯ ಮೇಲೆ ಕೂತಳು.

"ಅಕ್ಕಾ, ಓಣಿಯೋರಿಗೆ ನೀವೊಂದು ಮಾತು ಹೇಳ್ಬೇಕು. ಮೂರೇ ವಾರ. ಬೆಳಿಗ್ಗೆ ಎಲ್ಲಾರೂ ಒಟ್ಟಿಗೆ ಕಾಯಿಲ್ ಹಾಕೋದು ಬ್ಯಾಡ. ನಾನು ಹೇಳಿದ್ರೆ ಹೂಂ ಅಂತಾರೆ, ಮಾಡಲ್ಲ. ನಿಮ್ಮ ಬಾಯಿಗೆ ಹೆದರ್ತಾರೆ."

ಹೌದು, ನನ್ನ ಬಾಯಿಗೆ ಹೆದರುತ್ತಾರೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅವತ್ತು ನಲ್ಲಿಯಲ್ಲಿ ನೀರು ಬಂದಾಗ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಮೊದಲು ಅರ್ಧ ಮನೆಯವರು ಸಂಜೆ ಸ್ನಾನ ಮಾಡಿರಿ ಅಂದೆ. ಮೂಲೆಮನೆ ಮೇಷ್ಟ್ರ ಹೆಂಡತಿ ಕೊಡ ಕೆಳಗಿಟ್ಟಳು.

"ಸಂಜೆ ಮೈ ತೊಳ್ಕಂಡು, ರಾತ್ರಿ ಮಲ್ಗೆದ್ದು, ಅದೇ ಮೈಯಾಗೆ ದೇವ್ರ ಮುಂದೆ ಹೋಗಾದಾ? ಯಾವೂರ್ ಪದ್ಧತಿರೀ ಅದು, ಜಗಳೂರಿಂದಾ?"

"ಜಗಳೂರಾಗೆ ನೀರಿದ್ರೆ ತಾನೆ ಸ್ನಾನ," ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು.

"ನಗ್ರಿ, ನಗ್ರಿ," ಅಂದೆ. "ಹಂಗಾದ್ರೆ ಹಿಂಗ್ ಮಾಡಿ. ನಮ್ಮ ಸಾಲಿನ ಮನೆಗೆಲ್ಲ ಬಚ್ಚಲೊಲೆ ಐತೆ. ಹಿತ್ಲಾಗೆ ಸಿಪ್ಪೆ ಐತೆ. ನಾವು ಒಲೆ ಹಚ್ಚಾನ. ಎದುರು ಸಾಲಿನ ಹೊಸ ಮನೆಗೊಳಿಗೆ ಒಲೆ ಇಲ್ಲ, ಅವ್ರು ಕಾಯಿಲ್ ಹಾಕ್ಲಿ, ಒಬ್ರಾದ ಮೇಲೆ ಒಬ್ರು."

"ಹೊಗೆಗೆ ಗೋಡೆ ಕಪ್ಪಾಗ್ತೈತಲ್ರೀ. ಮೊನ್ನೆನೇ ಬಣ್ಣ ಹೊಡ್ಸೀವಿ."

"ಗೋಡೆ ಏನು ಮದುವೆಗೆ ಹೋಗ್ಬೇಕಾ? ಮೂರು ವಾರ ಕಣೇ."

"ಆಗ್ಲಿ ಬಿಡ್ರೀ, ಆಗ್ಲಿ," ಅಂದರು ಎಲ್ಲರೂ. ಎದುರು ಮನೆಯಾಕೆ ಅಲ್ಲೇ ಕೊಡ ಹಿಡಿದು ನಿಂತಿದ್ದಳು. ಎಲ್ಲರ ಮುಖವನ್ನೂ ನೋಡಿ ಒಂದು ಸಲ ತಲೆ ಆಡಿಸಿದಳು.

ಮೊದಲ ದಿನಗಳು ಚೆನ್ನಾಗಿ ನಡೆದವು. ನಮ್ಮ ಸಾಲಿನ ಬಚ್ಚಲ ಕಿಂಡಿಗಳಿಂದ ಹೊಗೆ ಏಳುತ್ತಿತ್ತು. ಓಣಿಗೆ ಓಣಿಯೇ ಹಳೇ ವಾಸನೆ ಹೊಡೆಯುತ್ತಿತ್ತು. ನಾನೇ ಎದ್ದು ಒಲೆ ಹಚ್ಚುತ್ತಿದ್ದೆ. ಮೊಮ್ಮಗಳು ಸ್ನಾನ ಮುಗಿಸಿ ಬಂದು, "ಅಜ್ಜೀ, ಸ್ಕೂಲಿನಾಗೆ ಎಲ್ಲಾರೂ ನನ್ನ ಕೂದಲು ಮೂಸಿ ಹೊಗೆಸೊಪ್ಪು ಅಂತಾರೆ," ಅಂತ ಗೊಣಗಿದಳು. ಸೊಸೆ ಪಾತ್ರೆಗಳನ್ನು ಜೋರಾಗಿ ಇಟ್ಟಳು.

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಬಂತು. ಒಬ್ಬರ ಮನೆಗೆ ನೆಂಟರು. ಒಬ್ಬರ ಮಗುವಿಗೆ ಪರೀಕ್ಷೆ. ಇನ್ನೊಬ್ಬಳಿಗೆ ಹೊಗೆಗೆ ಕೆಮ್ಮು. ಮೇಷ್ಟ್ರ ಮನೆಯ ಮೇಲೆ ಬಿಸಿಲಿಗೆ ನೀರು ಕಾಯುವ ಸೋಲಾರು ಇದೆ, ಮೋಡ ಕವಿದರೆ ಅವರೂ ಕಾಯಿಲ್ ಹಾಕುತ್ತಾರೆ. ಯಾರೂ ಬಿಟ್ಟೆವು ಅಂತ ಬಾಯಿ ಬಿಟ್ಟು ಹೇಳಲಿಲ್ಲ. ಇವತ್ತೊಂದು ದಿನ ಅಂದರು, ಅಷ್ಟೆ. ಹೊಗೆ ದಿನಾ ಒಂದೊಂದು ಮನೆಯಲ್ಲಿ ಕಡಿಮೆಯಾಯಿತು. ನಾನು ಅದನ್ನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ, ಬೈದುಕೊಳ್ಳುತ್ತಿದ್ದೆ. ಎದುರು ಮನೆಯಾಕೆ ನಡುವೆ ಒಂದು ದಿನ ನನ್ನನ್ನು ಒಳಗೆ ಕರೆದು, ಕತ್ತಲೆ ಮಾಡಿ, ಒಂದು ಮೊಟ್ಟೆಗೆ ಟಾರ್ಚ್ ಹಿಡಿದಳು. ಒಳಗೆ ಕೆಂಪು ಎಳೆಗಳು, ನಡುವೆ ಒಂದು ಕಪ್ಪು ಚುಕ್ಕೆ. ಚುಕ್ಕೆ ಅಲ್ಲಾಡಿತು.

"ಜೀವ ಐತೆ ನೋಡ್ರಿ," ಅಂದಳು.

ಇನ್ನೇನು ನಾಲ್ಕೈದು ದಿನಕ್ಕೆ ಮರಿ ಏಳಬೇಕು ಅನ್ನುವಾಗ ಅಮಾವಾಸ್ಯೆ ಬಂತು. ಅವತ್ತು ಓಣಿಯ ಹೆಂಗಸರೆಲ್ಲ ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಸೊಸೆ ಮಗಳನ್ನು ಕರೆದುಕೊಂಡು ಹೊನ್ನಾಳಿಯ ತವರಿಗೆ ಹೋಗಿದ್ದಳು. ಮಗ ಲೋಡು ಇದೆ ಅಂತ ಕತ್ತಲೆಯಲ್ಲೇ ಆಟೋ ತೆಗೆದುಕೊಂಡು ಹೋಗಿದ್ದ. ಮನೆಯಲ್ಲಿ ನಾನೊಬ್ಬಳೇ. ಒಬ್ಬಳು ಮುದುಕಿಯ ತಲೆಗೆ ಎಷ್ಟು ನೀರು ಬೇಕು? ಹಿತ್ತಿಲಲ್ಲಿ ಸಿಪ್ಪೆಯ ಚೀಲ ಇತ್ತು. ಒಲೆಯ ಮೇಲೆ ಬೆಂಕಿಪೊಟ್ಟಣ ಇತ್ತು. ಆದರೆ ಚಳಿ ಇತ್ತು, ಮೊಣಕಾಲು ಹಿಡಿದುಕೊಂಡಿತ್ತು. ಬಗ್ಗಿ ಕೂರಬೇಕಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ ಮೊಣಕಾಲು ಅಷ್ಟೇನೂ ನೋಯುತ್ತಿರಲಿಲ್ಲ. ಮನಸ್ಸಿರಲಿಲ್ಲ.

ನಂದೊಂದು ಕಾಯಿಲಿಗೆ ಏನಾಗುತ್ತದೆ ಅಂದುಕೊಂಡೆ. ಉಳಿದವರು ಹಾಕಿರುತ್ತಾರೆ ಅಂತ ಆ ಗಳಿಗೆಯಲ್ಲಿ ನನಗೆ ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಅನ್ನುವುದೂ ಸುಳ್ಳು. ಹೊಳೆಯದ ಹಾಗೆ ನೋಡಿಕೊಂಡೆ. ಕಾಯಿಲನ್ನು ಡ್ರಮ್ಮಿಗೆ ಇಳಿಬಿಟ್ಟು ಸ್ವಿಚ್ ಹಾಕಿ, ಅಂಗಳಕ್ಕೆ ನೀರು ಹಾಕಲು ಹೊರಗೆ ಬಂದೆ.

ಬಚ್ಚಲಲ್ಲಿ ಡ್ರಮ್ಮಿನ ನೀರಿನಿಂದ ಹಬೆ ಏಳಲು ಶುರುವಾಗಿತ್ತು. ಮೂಲೆಯ ಕಂಬದಲ್ಲಿ ಟಪ್ ಅಂತ ಸದ್ದಾಗಿ ಕಿಡಿ ಹಾರಿತು. ಅದರ ಹಿಂದೆಯೇ ಓಣಿಯ ಸದ್ದುಗಳು ಒಂದೊಂದೇ ಸತ್ತವು. ಮೇಷ್ಟ್ರ ಮನೆಯ ಮಿಕ್ಸಿ ಅರ್ಧಕ್ಕೆ ನಿಂತಿತು. ಆಚೆ ಮನೆಯ ಮೋಟರು ಎಳೆದು ಎಳೆದು ನಿಂತಿತು. ಎಲ್ಲೋ ಹಚ್ಚಿದ್ದ ಭಕ್ತಿಗೀತೆ ನಡುವೆಯೇ ಮುರಿಯಿತು. ನಮ್ಮ ಸಾಲಿನ ಒಂದು ಕಿಂಡಿಯಲ್ಲೂ ಹೊಗೆ ಇರಲಿಲ್ಲ. ಅಂದರೆ ಎಲ್ಲರೂ ಹಾಕಿದ್ದರು. ಎಲ್ಲರೂ ತಮ್ಮದೊಂದೇ ಅಂದುಕೊಂಡಿದ್ದರು.

ಎದುರು ಮನೆಯ ಬಾಗಿಲು ತೆರೆಯಿತು. ಆಕೆ ಹೊದ್ದ ಕಂಬಳಿ ಕೈಯಲ್ಲಿ ಹಿಡಿದು ಕಂಬದ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಹೋಯ್ತಾ ಅಕ್ಕಾ?"

"ಹೋಯ್ತು," ಅಂದೆ.

"ಯಾ ಅಲ್ಲಾ," ಅಂದು ಒಳಗೆ ಓಡಿದಳು. ಪೆಟ್ಟಿಗೆಯ ಮೇಲೆ ಕಂಬಳಿ ಮುಚ್ಚುವುದು ಬಾಗಿಲಿನಿಂದ ಕಂಡಿತು. ಮಗಳಿಗೆ, "ತೆಗೀಬ್ಯಾಡೇ, ಮುಚ್ಚಳ ತೆಗೀಬ್ಯಾಡ, ಶಾಖ ಹೋಗ್ತೈತೆ," ಅಂತ ಕೂಗುತ್ತಿದ್ದಳು.

ಬಿಸಿನೀರಿನ ಬಾಟಲಿ ಸುತ್ತ ಇಟ್ಟರೆ ಸ್ವಲ್ಪ ಹೊತ್ತು ತಡೆಯುತ್ತದೆ ಅಂತ ಆಕೆಯ ಮಗಳು ಓಡಿ ಬಂದು ಹೇಳಿದಳು. ಅವರ ಮನೆಯಲ್ಲಿ ಗ್ಯಾಸ್ ಒಲೆಯ ಒಂದು ಬಾಯಿ, ಒಂದು ಸಣ್ಣ ಪಾತ್ರೆ. ನಾನು ಬಚ್ಚಲಿಗೆ ಹೋದೆ. ಡ್ರಮ್ಮಿನಲ್ಲಿ ಕಾದಿದ್ದಷ್ಟನ್ನು ಮೊದಲು ಹೊತ್ತು ಕೊಟ್ಟೆ. ಆಮೇಲೆ ಒಲೆಗೆ ಸಿಪ್ಪೆ ತುಂಬಿ, ದೇವರ ಮುಂದಿನ ಕರ್ಪೂರ ತಂದಿಟ್ಟು ಕಡ್ಡಿ ಗೀರಿದೆ. ಬುಗ್ ಅಂತ ಹತ್ತಿಕೊಂಡಿತು. ಬಗ್ಗಿ ಕೂತಿದ್ದೆ. ಮೊಣಕಾಲು ಎಲ್ಲಿ ಹೋಗಿತ್ತೋ.

ಹೊರಗೆ ಬಂದು ನೋಡಿದರೆ ನಮ್ಮ ಸಾಲಿನ ಎಲ್ಲ ಕಿಂಡಿಯಲ್ಲೂ ಹೊಗೆ. ನೆಂಟರಿದ್ದ ಮನೆಯಲ್ಲೂ ಹೊಗೆ, ಕೆಮ್ಮಿನವಳ ಮನೆಯಲ್ಲೂ ಹೊಗೆ, ಬಣ್ಣ ಹೊಡೆಸಿದವಳ ಮನೆಯಲ್ಲೂ ಹೊಗೆ. ಯಾರಿಗೂ ಯಾರೂ ಹೇಳಿರಲಿಲ್ಲ. ಕೊಡ, ತಪ್ಪಲೆ, ಕುಡಿಯುವ ನೀರಿನ ಬಾಟಲಿ ಹಿಡಿದು ಹೆಂಗಸರು ಓಣಿ ದಾಟಿದರು. ಮೇಷ್ಟ್ರ ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದವಳು ಹಾಗೇ ಬಂದಳು.

"ಬಾಣಂತಿ ಮನೆಗೆ ನೀರು ಹೊತ್ತಂಗಾತು ನೋಡ್ರಿ," ಅಂದಳು.

"ಹೂಂ, ಎಷ್ಟು ಕೂಸು ಅಂತ ಕೇಳ್ಬ್ಯಾಡ್ರಿ," ಅಂದಳು ಎದುರು ಮನೆಯಾಕೆ ಬಾಟಲಿ ಇಡುತ್ತಾ. ಅಂಥ ಹೊತ್ತಿನಲ್ಲೂ ನಗು ಬಂತು. ನನಗೂ ಬಂತು. ಆಮೇಲೆ ನಾಚಿಕೆಯಾಯಿತು. ಆಗುವುದಿಲ್ಲ, ಆಗುವುದಿಲ್ಲ ಅಂತಿದ್ದ ಕೆಲಸವನ್ನು ಇಡೀ ಸಾಲು ಒಂದು ಗಳಿಗೆಯಲ್ಲಿ ಮಾಡಿ ತೋರಿಸಿತ್ತು. ಅದನ್ನು ಎದ್ದ ಕೂಡಲೇ ಮಾಡಿದ್ದರೆ ಈ ಬಾಟಲಿ ಹೊರುವುದೇ ಬೇಕಿರಲಿಲ್ಲ.

ಪೆಟ್ಟಿಗೆ ನಮ್ಮ ಬಾಟಲಿಗಳ ಮಾತು ಕೇಳಲಿಲ್ಲ. ಒಂದು ಕಡೆ ಬಿಸಿ ಹೆಚ್ಚಾಗುತ್ತಿತ್ತು, ಇನ್ನೊಂದು ಕಡೆ ತಣ್ಣಗಾಗುತ್ತಿತ್ತು. ನೀರು ಆರಿದಾಗಲೆಲ್ಲ ಮುಚ್ಚಳ ತೆಗೆಯಬೇಕು, ತೆಗೆದಾಗಲೆಲ್ಲ ಶಾಖ ಹೋಗುತ್ತದೆ. ಆಕೆ ನಡುನಡುವೆ ಮೊಟ್ಟೆ ಎತ್ತಿ ರೆಪ್ಪೆಗೆ ಮುಟ್ಟಿಸಿ ನೋಡುತ್ತಿದ್ದಳು. ಬೆರಳುಗಳಿಗೆ ಬಿಸಿ ತಣ್ಣಗೆ ಗೊತ್ತಾಗುವುದು ಎಂದೋ ನಿಂತುಹೋಗಿತ್ತು.

ಹೊತ್ತು ಇಳಿಯುವಾಗ ಲೈನ್‌ಮನ್ ಬಂದ. ಫ್ಯೂಸು ಕಟ್ಟಿ, ಏಣಿ ಇಳಿದು, ನಮ್ಮ ಕಡೆ ನೋಡಿದ.

"ಏನ್ರೀ ಅಜ್ಜಿ, ಟಿ.ಸಿ. ಮೇಲೆ ಇಟ್ಟಿದ್ರೆ ಅನ್ನನೇ ಬೇಯ್ತಿತ್ತಲ್ರೀ. ಯಾರ್‍ಯಾರು ಕಾಯಿಲ್ ಹಾಕಿದ್ರಿ?"

"ನಾವಲ್ಲಪ್ಪ," ಅಂದಳು ಒಬ್ಬಳು.

"ನಮ್ಮನ್ಯಾಗೆ ಒಲೆ, ಹೊಗೆ ಕಾಣಲ್ವಾ?" ಅಂದಳು ಇನ್ನೊಬ್ಬಳು.

ಅವನು ಹೊಗೆ ಬರುತ್ತಿದ್ದ ಕಿಂಡಿಗಳನ್ನೆಲ್ಲ ನೋಡಿ, "ಹಂಗಾದ್ರೆ ದೆವ್ವ ಹಾಕಿರ್ಬೇಕು ಬಿಡ್ರಿ," ಅಂದು ಹೋದ. ಬಾಯಿಗೆ ಹೆಸರಾದ ನಾನು ಸುಮ್ಮನೆ ನಿಂತಿದ್ದೆ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಬಲ್ಬು ಹತ್ತಿದ್ದನ್ನು ನೋಡಿ ಒಳಗೆ ಹೋದಳು.

ಮರಿ ಎದ್ದವು. ಎಲ್ಲ ಏಳಲಿಲ್ಲ, ಅರ್ಧವೂ ಏಳಲಿಲ್ಲ. ಕೆಲವು ಮೊಟ್ಟೆಯೊಳಗಿಂದ ಕುಟುಕುವ ಸದ್ದು ಕೇಳಿತು, ಚಿಪ್ಪು ಸ್ವಲ್ಪ ಒಡೆಯಿತು, ಅಲ್ಲಿಗೆ ನಿಂತಿತು. ಆಕೆ ಅವುಗಳಿಗೆ ಒಂದು ದಿನ ಹೆಚ್ಚಿಗೆ ಕಾದಳು. ಆಮೇಲೆ ಬುಟ್ಟಿಯಲ್ಲಿ ಹಾಕಿ ನುಗ್ಗೆ ಮರದ ಬುಡದಲ್ಲಿ ಗುಂಡಿ ತೆಗೆದು ಮುಚ್ಚಿದಳು. ಗುದ್ದಲಿ ಹಿಡಿಯಲು ಬರಲಿಲ್ಲ, ನಾನು ಹಿಡಿದೆ. ಎದ್ದ ಮರಿಗಳಲ್ಲೂ ಕೆಲವಕ್ಕೆ ಕಾಲು ಸೊಟ್ಟ. ಕತ್ತಲಗೆರೆಯವರು ಬಂದು ಒಂದೊಂದನ್ನೂ ಎತ್ತಿ ನೋಡಿ, ಗಟ್ಟಿ ಇದ್ದವನ್ನು ಮಾತ್ರ ಆರಿಸಿಕೊಂಡು, ಮತ್ತೆ ಬೇಕಾದರೆ ಹೇಳಿ ಕಳಿಸುತ್ತೇವೆ ಅಂದು ಹೋದರು. ಹೇಳಿ ಕಳಿಸಲಿಲ್ಲ.

ಮುಂದಿನ ವಾರ ಬೆಳಗಿನ ಜಾವ ಟೆಂಪೋ ಹಾರನ್ ಹೊಡೆಯಿತು. ಎದುರು ಮನೆಯ ಬಾಗಿಲು ತೆಗೆದ ಸದ್ದಾಯಿತು. ನಾನು ಹಾಸಿಗೆಯಲ್ಲೇ ಕೇಳಿಸಿಕೊಂಡೆ.

ಅವತ್ತು ಸಂಜೆ ಆಕೆ ಬಂದ ಮೇಲೆ ಹೋಗಿ ಕೂತೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಸುತ್ತು ಬಳಸಿ ಮಾತಾಡಿ ನನಗೆ ಅಭ್ಯಾಸವಿಲ್ಲ.

"ಅವತ್ತು ನಾನೂ ಕಾಯಿಲ್ ಹಾಕಿದ್ದೆ ಕಣವ್ವ," ಅಂದೆ.

"ಗೊತ್ತು ಅಕ್ಕಾ."

"ಹೆಂಗೆ ಗೊತ್ತು?"

"ನಿಮ್ಮ ಬಚ್ಚಲ ಕಿಂಡಿಯಾಗೆ ಹಬೆ ಬರ್ತಿತ್ತು. ಹೊಗೆ ಇರ್ಲಿಲ್ಲ." ಎಣ್ಣೆ ಬಾಟಲಿಯ ಮುಚ್ಚಳ ಹಾಕಲು ಬಾರದೆ ನನ್ನ ಕೈಗೆ ಕೊಟ್ಟಳು. "ನಾನು ದಿನಾ ಎದ್ದು ಮೊದ್ಲು ಆ ಕಿಂಡಿನೇ ನೋಡ್ತಿದ್ದೆ. ನಿಮ್ಮ ಮನ್ಯಾಗೆ ಹೊಗೆ ಇದ್ರೆ ಧೈರ್ಯ. ಇನ್ನೇನು, ಬೇರೆಯೋರ ಮನೆ ನೋಡ್ತಿರ್ಲಿಲ್ಲ."

ಬೈದಿದ್ದರೆ ಆಗುತ್ತಿತ್ತು. ಬೈಗುಳ ಕೊಟ್ಟು ತೆಗೆದುಕೊಂಡು ಬದುಕಿದವಳು ನಾನು. ಮುಚ್ಚಳ ಹಾಕಿ ಬಾಟಲಿ ಪಕ್ಕಕ್ಕಿಟ್ಟೆ.

"ಮತ್ತೆ ಇಡು," ಅಂದೆ. "ಈ ಸಲ ನಾನು ಬಾಗ್ಲಿಗೆ ಬಾಗ್ಲಿಗೆ ನಿಂತು ನೋಡ್ತೀನಿ."

"ಇಡ್ತೀನಿ. ಈ ಚಳಿಯಾಗಲ್ಲ."

"ಬ್ಯಾಸಿಗೆಯಾಗೆ?"

"ಬ್ಯಾಸಿಗೆಯಾಗೆ ನೀವು ಕೂಲರ್ ಹಚ್ತೀರಿ," ಅಂದು ನಕ್ಕಳು. "ಮಳೆಗಾಲದಾಗೆ ಗಾಳಿಗೆ ತಂತಿ ಹರೀತೈತೆ. ಚಳಿ ಹೋಗಿ ಸೆಕೆ ಬರಾ ನಡುವೆ ಒಂದೀಟು ದಿನ ಸಿಗ್ತಾವೆ ಅಕ್ಕಾ. ಆವಾಗ ನಿಮಗೆ ಬಿಸಿನೀರೂ ಬ್ಯಾಡ, ಗಾಳಿನೂ ಬ್ಯಾಡ. ಅದ್ರಾಗೆ ಇಡ್ತೀನಿ."

ನೀವು ಅಂದಳು. ನನಗೆ ಗೌರವಕ್ಕೆ ಅನ್ನುವ ನೀವು ಅಲ್ಲ ಅದು. ಓಣಿಯವರೆಲ್ಲ ಸೇರಿದ ನೀವು, ಅದರೊಳಗೆ ನಾನೂ ಒಬ್ಬಳು.

ಹಾಗೇ ಮಾಡಿದಳು. ಯುಗಾದಿಗೆ ಇನ್ನೂ ದಿನ ಇರುವಾಗ ಒಂದು ಸಂಜೆ ಎದುರು ಮನೆಯ ಕಿಟಕಿಯಲ್ಲಿ ಕೆಂಪು ಬೆಳಕು ಕಂಡಿತು. ಯಾರಿಗೂ ಹೇಳಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಮರಿ ಚೆನ್ನಾಗಿಯೇ ಎದ್ದವು. ಆದರೆ ವರ್ಷಕ್ಕೊಂದು ಸಲದ ಮರಿಯಿಂದ ಬದುಕು ನಡೆಯುವುದಿಲ್ಲ. ಉಳಿದ ದಿನಕ್ಕೆ ಕತ್ತಿಯೇ ಗತಿ. ಮೊಟ್ಟೆ ಪೆಟ್ಟಿಗೆಯಲ್ಲಿದ್ದ ಆ ವಾರಗಳಲ್ಲಿ ನಾನು ತಣ್ಣೀರಿನಲ್ಲಿ ಸ್ನಾನ ಮಾಡಿದೆ. ಅದರಲ್ಲಿ ದೊಡ್ಡದೇನೂ ಇಲ್ಲ, ಬಿಸಿಲು ಏರುತ್ತಿತ್ತು, ತಣ್ಣೀರೇ ಹಿತವಾಗಿತ್ತು.

ಫ್ಯೂಸು ಹೋದ ಆ ಅಮಾವಾಸ್ಯೆ ಆದ ಮೇಲೆ ನಮ್ಮ ಸಾಲಿನಲ್ಲಿ ಹೊಗೆ ಒಂದು ವಾರ ಬಂದಿತ್ತು. ಆಮೇಲೆ ಮೇಷ್ಟ್ರ ಮನೆಯದು ನಿಂತಿತು. ನಂದು ಯಾವತ್ತು ನಿಂತಿತು ಅನ್ನುವುದು ನನಗೆ ನೆನಪಿಲ್ಲ. ಅದು ನೆನಪಿಲ್ಲದಿರುವುದೇ ನನ್ನನ್ನು ಹೆಚ್ಚು ಕಾಡುತ್ತದೆ. ತೀರ್ಮಾನ ಮಾಡಿ ಬಿಡಲಿಲ್ಲ. ಒಂದು ದಿನ ಸೋಪಿನ ಪುಡಿಯನ್ನು ಒಲೆಯ ಬಾಯಲ್ಲಿಟ್ಟೆ, ಕೈಗೆ ಸಿಗಲಿ ಅಂತ. ಇನ್ನೊಂದು ದಿನ ಸೊಸೆ ಚಪ್ಪಲಿ ತಂದು ತುರುಕಿದಳು. ನಾನು ತೆಗೆ ಅನ್ನಲಿಲ್ಲ.

ಈಗ ಮತ್ತೆ ಚಳಿ ಬಂದಿದೆ. ಬೆಳಗಿನ ಜಾವ ಎಚ್ಚರವಾಗುತ್ತದೆ, ಹಾರನ್ ಕೇಳುತ್ತದೆ. ಆಕೆ ಗೋಣಿಚೀಲ ಕಂಕುಳಲ್ಲಿಟ್ಟುಕೊಂಡು ಟೆಂಪೋ ಹತ್ತುತ್ತಾಳೆ. ಹತ್ತುವ ಮುಂಚೆ ನಮ್ಮ ಕಿಂಡಿಯ ಕಡೆ ನೋಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ಕತ್ತಲೆ ಇರುತ್ತದೆ. ನಾನು ಬಚ್ಚಲಿನಲ್ಲಿ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತಿರುತ್ತೇನೆ. ಟೆಂಪೋ ಮೂಲೆಯ ಕಂಬ ದಾಟಿ ತಿರುಗಿದ ಸದ್ದು ಕೇಳಿದ ಮೇಲೆ ಒತ್ತುತ್ತೇನೆ.